ಎದೆಗೊಬ್ಬ ಮುಯ್ಯಾಳು

ಸಿದ್ದಮಲ್ಲಪ್ಪನಿಗೆ ಒಂದು ಕಾಯಿಲೆಯೂ ಇರಲಿಲ್ಲ. ತಿಗನಾರೆಯಲ್ಲಿ ಅರವತ್ತು ದಾಟಿದವರ ಪೈಕಿ ಬಿಪಿ, ಸಕ್ಕರೆ, ಮಂಡಿನೋವು ಯಾವುದೂ ಇಲ್ಲದವನು ಅವನೊಬ್ಬನೇ. ಇದು ಆಸ್ಪತ್ರೆಗೆ ಹೋಗಿ ತಿಳಿದದ್ದಲ್ಲ, ಹೋಗದೆ ತಿಳಿದದ್ದು.

ಹಾಗಾಗಿ ವಿಶ್ವವಿದ್ಯಾಲಯದ ಸಂಶೋಧಕಿ ಸೌಮ್ಯ ಬಂದು, ಎದೆಬಡಿತ ಅಳೆಯುವ ಸೆನ್ಸರ್ ಪಟ್ಟಿ ಕಟ್ಟಲು ಆರೋಗ್ಯವಂತ ಒಬ್ಬರು ಬೇಕು ಎಂದಾಗ ಊರವರೆಲ್ಲ ಅವನ ಕಡೆ ಕೈ ತೋರಿಸಿದರು.

"ದೊಡ್ಡಪ್ಪ, ನಿಮ್ಮೆದೆ ಇವತ್ತು ಹೆಂಗೆ ಬಡಿಯುತ್ತೋ ಅದೇ ನಮಗೆ ಅಳತೆ. ಈ ಬೆಟ್ಟದ ರೋಗಿಗಳನ್ನೆಲ್ಲ ಅದರ ಪಕ್ಕ ಇಟ್ಟು ನೋಡ್ತೀವಿ," ಎಂದಳು ಸೌಮ್ಯ.

ಸಿದ್ದಮಲ್ಲಪ್ಪ ಅಂಗಿ ಬಿಚ್ಚಿದ. ಎಂಟು ಗಂಟೆಗೆ ಪಟ್ಟಿ ಎದೆಗೇರಿತು. ಎರಡು ಬೆರಳಗಲದ ಬಟ್ಟೆ, ನಡುವೆ ಅಂಗಿಗುಂಡಿಯಷ್ಟು ಯಂತ್ರ. ಸೌಮ್ಯ ತನ್ನ ಮೊಬೈಲನ್ನು ಅವನ ಮುಂದೆ ಹಿಡಿದಳು. ಹಸಿರು ಗೆರೆಯೊಂದು ಏರಿತು, ಇಳಿಯಿತು, ಮತ್ತೆ ಏರಿತು.

"ಇದು ನಂದೇನವ್ವಾ?"

"ನಿಮ್ದೇ, ಈಗಿಂದು."

"ನಾ ಯೋಳ್ದೆನೇ ಇಷ್ಟೊಂದ್ ಕೆಲ್ಸ ಮಾಡ್ತದಾ!"

ಅವನು ಬಾಯಿ ಮುಚ್ಚುವುದನ್ನೇ ಮರೆತ. ಎತ್ತಿಗೆ ದಿನಕ್ಕೆ ನೂರು ಸಲ ಹೇಳಬೇಕು. ಇದಕ್ಕೆ ಅರವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಸುತ್ತ ನಿಂತವರು ಗೆರೆ ನೋಡಿ, ಮೆಲ್ಲಗೆ ತಮ್ಮ ತಮ್ಮ ಎದೆ ಮುಟ್ಟಿಕೊಂಡರು.

"ನಾಲ್ಕು ಗಂಟೆಗೆ ಬಂದು ಬಿಚ್ತೀನಿ. ದಿನಾ ಮಾಡೋ ಕೆಲಸಾನೇ ಮಾಡಿ. ಪಟ್ಟಿ ಮಾತ್ರ ಖಾಲಿ ಇರಬಾರದು," ಎಂದು ಸೌಮ್ಯ ತಾಳವಾಡಿಗೆ ಹೋದಳು.

ದಿನದ ಕೆಲಸ ಮಾಡಲು ಊರವರು ಬಿಡಬೇಕಲ್ಲ. ಹೆಂಡತಿ ಶಾಂತಮಲ್ಲಮ್ಮ ಅವನ ಕೈಯಲ್ಲಿದ್ದ ಕಾಫಿ ಲೋಟ ಕಿತ್ತುಕೊಂಡಳು. "ಕಾಫಿ ಕುಡುದು ನಿನ್ನೆದ ಓಡ್ಬುಟ್ರ, ಬೆಟ್ಟದ್ ರೋಗಿಗೊಳೆಲ್ಲ ಅದ್ರ ಬೆನ್ನಟ್ಟಿ ಓಡ್ಬೇಕಾಯ್ತದ." ಎದುರುಮನೆಯ ಚಿಕ್ಕಲಕ್ಷ್ಮಮ್ಮ ಅವನು ಬೆಚ್ಚಬಾರದೆಂದು ಕೂಗುವ ಹುಂಜವನ್ನು ಕುಕ್ಕೆ ಹಾಕಿ ಮುಚ್ಚಿದಳು. ಮೂಲೆಮನೆಯ ಮಹದೇವಸ್ವಾಮಿ ಬಂದು, "ನಗ್ಬ್ಯಾಡ ಕಣಣ್ಣ," ಎಂದು ಎಚ್ಚರಿಸಿ, ಯಾವುದಕ್ಕೆ ನಗಬಾರದು ಎನ್ನುವುದನ್ನೂ ವಿವರವಾಗಿ ಹೇಳಿದ. ಸಿದ್ದಮಲ್ಲಪ್ಪ ತುಟಿ ಕಚ್ಚಿಕೊಂಡು ಕಾವಿಗೆ ಕೂತ ಕೋಳಿಯಂತೆ ಜಗಲಿಯ ಮೇಲೆ ಕೂತ.

ಹನ್ನೊಂದಕ್ಕೆ ಹೊಲದ ಕಡೆಯಿಂದ ಶಾಂತಮಲ್ಲಮ್ಮನ ಕೂಗು ಬಂತು. "ಕೋತಿಗೊಳು ಜೋಳಕ್ಕ ಬಿದ್ದವ, ಬನ್ರಪ್ಪೋ!"

ಸಿದ್ದಮಲ್ಲಪ್ಪ ಎದ್ದ, ಕೂತ, ಮತ್ತೆ ಎದ್ದ. ಓಡಿದರೆ ಅಳತೆ ಕೆಡುತ್ತದೆ. ಓಡದಿದ್ದರೆ ಜೋಳ ಉಳಿಯುವುದಿಲ್ಲ. ಪಕ್ಕದ ಮನೆಯ ಬಿಳಿಗಿರಿ ಜಗಲಿಯ ಕಂಬಕ್ಕೆ ಒರಗಿದ್ದ. ದಿನಕ್ಕೊಂದು ನೋವು ಹೇಳಿಕೊಂಡು ಮನೆಯಲ್ಲೇ ಉಳಿಯುವವನು. ಅಂದು ಬೆನ್ನಿನ ಸರದಿ.

"ಲೋ ಬಿಳಿಗಿರಿ, ಇವತ್ತು ನಂಗ ಮುಯ್ಯಾಳು ಬಾರ್ಲಾ. ನಾಳ ನಿನ್ನೊಲಕ್ಕ ನಾ ಬತ್ತೀನಿ."

"ಬೆನ್ನು ಇಡ್ಕಂಡದ ಕಣಣ್ಣ. ಕೋತಿ ಓಡ್ಸಕ್ಕಾಗಲ್ಲ."

"ಕೋತಿ ನಾ ಓಡಿಸ್ತೀನಿ ಕಣ್ಲಾ. ನೀ ಈ ಪಟ್ಟಿ ಕಟ್ಕಂಡು ಸುಮ್ಕ ಕುಂತ್ಕ, ಸಾಕು."

ಕಳೆ ಕೀಳಲು, ಉಳಲು, ಕಣ ಮಾಡಲು ಒಬ್ಬರ ಬದಲು ಒಬ್ಬರು ಹೋಗುವ ಊರು. ಎದೆಗೆ ಮಾತ್ರ ಯಾಕಾಗಬಾರದು? ಪಟ್ಟಿ ಖಾಲಿ ಇರಬಾರದು ಎಂದಿದ್ದಳು ಹುಡುಗಿ, ಇರಲಿಲ್ಲ.

ಕೋತಿಗಳು ಹುಣಿಸೆಮರ ಹತ್ತಿದವು, ಇಳಿದವು, ಮತ್ತೆ ಹತ್ತಿದವು. ಸಿದ್ದಮಲ್ಲಪ್ಪ ತಿರುಗಿ ಬರುವಾಗ ನಾಲ್ಕಾಗಲು ಐದೇ ನಿಮಿಷ. ಬಿಳಿಗಿರಿ ಗೊರಕೆ ಹೊಡೆಯುತ್ತಿದ್ದ. ಪಟ್ಟಿ ಬಿಚ್ಚಿ ತಾನು ಕಟ್ಟಿಕೊಂಡು ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಸೌಮ್ಯಳ ಜೀಪು ನಿಂತಿತು.

ಲ್ಯಾಪ್‌ಟಾಪಿನಲ್ಲಿ ಇಡೀ ದಿನದ ಗೆರೆ ಹರಿಯತೊಡಗಿತು. ಊರು ಉಸಿರು ಬಿಗಿಹಿಡಿದು ನೋಡಿತು. ಸೌಮ್ಯಳ ಮುಖ ಮಾತ್ರ ಇಳಿಯಿತು.

"ದೊಡ್ಡಪ್ಪ, ನಡುನಡುವೆ ಬಡಿತ ಬಿಟ್ಟುಹೋಗ್ತಿದೆ. ನಾಳೆ ಬೆಳಗ್ಗೆನೇ ಚಾಮರಾಜನಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ."

ಶಾಂತಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಸಿದ್ದಮಲ್ಲಪ್ಪ ಬಿಳಿಗಿರಿಯನ್ನು ನೋಡಿದ. ಸುಮ್ಮನಿದ್ದರೆ ಅವನು ಸಾಯುತ್ತಾನೆ, ಹೇಳಿದರೆ ತಾನು ಕಳ್ಳ. ಅರ್ಧ ಮರುಕ, ಅರ್ಧ ಸಮಾಧಾನದಲ್ಲಿ ಬಾಯಿಬಿಟ್ಟ.

"ಅದು ನನ್ನೆದ ಅಲ್ಲ ಕಣವ್ವ! ಅನ್ನೊಂದ್ ಗಂಟಯಿಂದ ಪಟ್ಟಿ ಬಿಳಿಗಿರಿ ಮೈಮ್ಯಾಲಿತ್ತು. ಮೊದ್ಲು ಅವ್ನ ಜೀಪ್ಗ ಅತ್ಸಿ!"

"ನಾ ದಿನಾ ಯೋಳ್ತಿರ್ಲಿಲ್ವಾ?" ಎಂದು ಬಿಳಿಗಿರಿ ಅಲ್ಲೇ ಕುಸಿದ.

ಸೌಮ್ಯ ಸಿಟ್ಟಾಗಲಿಲ್ಲ. ಗೆರೆಯನ್ನು ಹನ್ನೊಂದರ ತನಕ ಎಳೆದಳು. ಅಲ್ಲಿಂದಾಚೆ ನೂಲು ಹಿಡಿದು ನೆಟ್ಟ ಪೈರಿನಂತೆ ಒಂದೇ ಸಮ.

"ಹನ್ನೊಂದರ ಮೇಲೆ ಒಂದೂ ತಪ್ಪಿಲ್ಲ. ಇಷ್ಟು ಒಳ್ಳೆ ಎದೆ ನಾನು ನೋಡೇ ಇಲ್ಲ. ಬಿಳಿಗಿರಿಯಣ್ಣ ಒಪ್ಪಿದರೆ ಇನ್ನು ಅವರದೇ ಅಳತೆ," ಎಂದು ದನಿ ತಗ್ಗಿಸಿದಳು. "ಬಡಿತ ಬಿಟ್ಟುಹೋಗಿರೋದು ಎಂಟರಿಂದ ಹನ್ನೊಂದರ ತನಕ."

ಬಿಳಿಗಿರಿ ಎದ್ದು ನಿಂತ. ಬೆನ್ನು ನೆಟ್ಟಗಿತ್ತು.

ಸಿದ್ದಮಲ್ಲಪ್ಪ ಬಗ್ಗಿ ತನ್ನ ಪಾಲಿನ ಗೆರೆಯನ್ನು ನೋಡಿದ. ಹಸಿರು ಶಿಖರಗಳ ನಡುವೆ ಅಲ್ಲಲ್ಲಿ ಬಯಲು. ಪ್ರತಿ ಸಲವೂ ನಿಂತಿತ್ತು, ಪ್ರತಿ ಸಲವೂ ತಾನೇ ಮತ್ತೆ ಹೊರಟಿತ್ತು. ಅವನಿಗೆ ಒಂದೂ ಗೊತ್ತಾಗಿರಲಿಲ್ಲ.

"ಎಷ್ಟು ಸಲವ್ವಾ?" ಎಂದ, ಗುಡಿಯೊಳಗೆ ಮಾತಾಡುವ ದನಿಯಲ್ಲಿ.

ಸೌಮ್ಯ ಒಂದು ಕೀಲಿ ಒತ್ತಿದಳು. ಮೂರು ಗಂಟೆಯಲ್ಲಿ ಬಿಟ್ಟುಹೋದ ಬಡಿತ, ಇನ್ನೂರ ಹನ್ನೊಂದು.