ನನ್ನ ತರಗತಿಯಲ್ಲಿ ನನ್ನ ಹೆಂಡತಿ

ಗಣಿತ ಕಲಿಸುವವನಿಗೆ ಒಂದು ಸುಖವಿದೆ. ಅವನ ಕೆಲಸದ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಇತಿಹಾಸ ಕಲಿಸುವವರ ಮನೆಗೆ ಬಂದ ನೆಂಟರು ಊಟಕ್ಕೆ ಕೂತಾಗ ಆದಿಲಶಾಹಿಯ ಕಾಲದ ಬಗ್ಗೆ ಎರಡು ಮಾತು ಕೇಳುತ್ತಾರೆ, ಹೇಳಿದ್ದನ್ನು ತಿದ್ದುವುದೂ ಉಂಟು. ಮರಾಠಿ ಕಲಿಸುವವರಿಗೆ ಲಗ್ನಪತ್ರಿಕೆ ಬರೆದುಕೊಡುವ ಕೆಲಸ ಅಂಟಿಕೊಳ್ಳುತ್ತದೆ. ನಾನು ಗಣಿತ ಎಂದ ಕೂಡಲೇ ಎದುರಿಗಿದ್ದವರು, "ಹೌದೇನ್ರಿ, ಭಾಳ ಕಠಿಣ ನೋಡ್ರಿ ಅದು" ಎಂದು ಹೇಳಿ ಮಳೆಯ ಮಾತಿಗೆ ಹೊರಳುತ್ತಾರೆ. ಮಹಾರಾಷ್ಟ್ರದ ಗಡಿಯೊಳಗಿನ ಜತ್ತದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳುತ್ತ ನಾನು ಈ ಸುಖದಲ್ಲಿ ಬಹಳ ವರ್ಷ ನೆಮ್ಮದಿಯಾಗಿದ್ದೆ. ನನ್ನ ಪಾಠ ಚೆನ್ನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಚೆನ್ನಾಗಿಲ್ಲ ಎಂದೂ ಹೇಳಿರಲಿಲ್ಲ. ಎರಡನೆಯದೇ ಪಾಠ ಚೆನ್ನಾಗಿರುವುದಕ್ಕೆ ಪುರಾವೆ ಎಂದು ನಾನು ತಿಳಿದುಕೊಂಡಿದ್ದೆ. ತರ್ಕಶಾಸ್ತ್ರ ಕಲಿಸುವವರಾದರೂ ಇಂಥ ತಪ್ಪು ಮಾಡುತ್ತಿರಲಿಲ್ಲವೋ ಏನೋ.

ಈ ನೆಮ್ಮದಿ ಕೆಟ್ಟದ್ದು ನಮ್ಮ ಮಗಳು ಹನ್ನೊಂದನೆಯ ತರಗತಿಗೆಂದು ಸಾಂಗಲಿಯ ಹಾಸ್ಟೆಲಿಗೆ ಹೋದ ವರ್ಷ. ನನ್ನ ಹೆಂಡತಿ ಮಹಾದೇವಿ ತಿಕೋಂಡಿಯವಳು. ಹತ್ತನೆಯವರೆಗೆ ಕನ್ನಡ ಶಾಲೆ, ಆಮೇಲೆ ಜತ್ತದಲ್ಲಿ ಹನ್ನೆರಡನೆಯದು, ಅದೂ ಸೈನ್ಸ್. ಪಾಸಾದ ಬೇಸಿಗೆಯಲ್ಲೇ ನನ್ನನ್ನು ಮದುವೆಯಾದಳು. ಗಣಿತದ ಮೇಷ್ಟ್ರಿಗೆ ಹುಡುಗಿಯನ್ನು ಕೊಟ್ಟರೆ ಆಕೆಯ ಓದು ತಾನೇ ಮುಂದುವರಿಯುತ್ತದೆ ಎಂದು ನನ್ನ ಮಾವ ಹೇಳಿದ್ದರಂತೆ. ಮುಂದುವರಿದದ್ದು ಅಡುಗೆ, ಬಾಣಂತನ, ಮಗಳ ಶಾಲೆಯ ಡಬ್ಬಿ. ಮಗಳು ಹೊರಟುಹೋದ ಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತ, "ನಾ ಬಿ.ಎಸ್ಸಿ. ಮಾಡಬೇಕಂತ ಮಾಡೀನ್ರಿ" ಎಂದಳು.

"ಮಾಡು. ಭಾಳ ಚಲೋ. ಯಾವ ವಿಷಯ?"

"ಗಣಿತ."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಸುತ್ತಮುತ್ತ ಗಣಿತ ಇದ್ದದ್ದು ನಮ್ಮ ಕಾಲೇಜಿನಲ್ಲಿ ಮಾತ್ರ, ನಮ್ಮ ಕಾಲೇಜಿನ ಗಣಿತದಲ್ಲಿ ಅರ್ಧ ನಾನು. "ಅದಕ್ಕ ಕಾಲೇಜ್ ಯಾಕ? ಮನ್ಯಾಗ ನಾ ಇದ್ದೀನಲ್ಲ" ಎಂದೆ. "ಮನ್ಯಾಗ ನೀವು ಎಂದರ ಕಲಿಸೀರೇನು?" ಎಂದು ಕೇಳಿ ಆಕೆ ಮಜ್ಜಿಗೆ ತರಲು ಹೋದಳು.

ನಮ್ಮ ಪ್ರಾಚಾರ್ಯರಿಗೆ ಮಾತ್ರ ಹಬ್ಬವಾಯಿತು. ಗಣಿತಕ್ಕೆ ಸೇರುವವರು ಪ್ರತಿವರ್ಷ ಕಡಿಮೆಯಾಗುತ್ತಿದ್ದರು. ಸಿಬ್ಬಂದಿಯ ಮನೆಯವರೇ ಹೀಗೆ ಮುಂದೆ ಬರಬೇಕು ಎಂದು ಅವರು ಮರಾಠಿಯಲ್ಲಿ ನನ್ನ ಬೆನ್ನು ತಟ್ಟಿದರು. ಮೊದಲ ದಿನವೇ ನನ್ನ ಕಷ್ಟ ಶುರುವಾಯಿತು. ನಮ್ಮ ಕಡೆ ಹಾಜರಿಯಲ್ಲಿ ಹೆಂಗಸರ ಹೆಸರಿನ ಪಕ್ಕದಲ್ಲಿ ಗಂಡನ ಹೆಸರು, ಆಮೇಲೆ ಅಡ್ಡಹೆಸರು. ಹಾಗಾಗಿ ದಿನಾ ತರಗತಿಯ ಮುಂದೆ ನಿಂತು ನನ್ನ ಹೆಸರನ್ನು ನಾನೇ ಕೂಗಬೇಕಾಯಿತು. ಎರಡನೆಯ ಬೆಂಚಿನಿಂದ ಆಕೆ ನೆಟ್ಟಗೆ ನಿಂತು "ಹಾಜರ್ ಸರ್" ಎನ್ನುತ್ತಿದ್ದಳು. ಮಕ್ಕಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಬೆಳಿಗ್ಗೆ "ರೀ, ಗ್ಯಾಸ್ ಮುಗದೈತಿ" ಎಂದವಳು ಹನ್ನೊಂದು ಗಂಟೆಗೆ ನನ್ನನ್ನು ಗುರುತೇ ಇಲ್ಲದಂತೆ ನೋಡುತ್ತಿದ್ದಳು. ಬೆಂಚಿನಲ್ಲಿ ಆಕೆಯ ಪಕ್ಕ ಕೂರುತ್ತಿದ್ದವಳು ಸಂಖ ಎಂಬ ಹಳ್ಳಿಯ ಹುಡುಗಿ ರೇಷ್ಮಾ. ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಇಬ್ಬರ ನಡುವೆ ಅರ್ಧ ಆಯುಷ್ಯದ ಅಂತರವಿದ್ದರೂ ಡಬ್ಬಿ ಒಟ್ಟಿಗೆ ಬಿಚ್ಚುತ್ತಿದ್ದರು.

ದೀಪಾವಳಿಗೆ ಮುಂಚೆ ಕಾಲೇಜಿನ ಒಳಪರೀಕ್ಷೆ ಬಂತು. ಗಂಡನಾದವನು ಹೆಂಡತಿಯ ಉತ್ತರಪತ್ರಿಕೆ ನೋಡಬಾರದು ಎಂದು ನಾನೇ ಮುಂದಾಗಿ ಹೇಳಿ, ಇಡೀ ತರಗತಿಯ ಪತ್ರಿಕೆಗಳನ್ನು ನಮ್ಮ ಗಣಿತದ ಇನ್ನರ್ಧವಾದ ಜಮಾದಾರ ಸರ್ ಅವರಿಗೆ ಕೊಟ್ಟೆ. ಜಮಾದಾರರು ಸಜ್ಜನರು. ಮಹಾದೇವಿಯನ್ನು ಬಾಯಿತುಂಬ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. ಫಲಿತಾಂಶ ಬಂತು. ಅರ್ಧಕ್ಕರ್ಧ ತರಗತಿ ನಾಪಾಸು, ಮಹಾದೇವಿ ಪಾಸು. ನಾನು ಒಳಗೊಳಗೇ ಬೀಗಿದೆ.

ಮರುದಿನ ನಾವು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿರುವಾಗ ಆಕೆ ಉತ್ತರಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಳು. "ಒಳಗ ಬರ್ಲಿ ಸರ್?" ಎಂದು ಕೇಳಿ ನೇರ ಜಮಾದಾರರ ಮೇಜಿಗೆ ಹೋದಳು.

"ಸರ್, ಇಲ್ಲಿ ನಾ ಏನ್ ಬರದೀನಿ ಸ್ವಲ್ಪ ಓದ್ರಿ."

ಜಮಾದಾರರು ಕನ್ನಡಕ ಏರಿಸಿಕೊಂಡರು. "ಎಪ್ಸಿಲಾನ್ ಸೊನ್ನೆಗಿಂತ ದೊಡ್ಡದಿರಲಿ..."

"ಆಮ್ಯಾಲೆ?"

"ಆಮ್ಯಾಲೆ... ಆದ್ದರಿಂದ ಸಾಧಿಸಿದಂತಾಯಿತು."

"ನಡುವ ಏನೈತ್ರಿ?"

"ನಡುವ ಏನೂ ಇಲ್ರಿ ವೈನಿ."

"ಏನೂ ಇಲ್ಲದ್ದಕ್ಕ ಮಾರ್ಕ್ಸ್ ಯಾಕ ಕೊಟ್ರಿ? ರೇಷ್ಮಾನೂ ಹಿಂಗ ಬರದಾಳ. ಆಕಿಗಿ ಸೊನ್ನಿ ಹಾಕೀರಿ, ನನ್ನ ಪಾಸ್ ಮಾಡೀರಿ. ನಾ ಯಾರ ಹೇಣ್ತಿ ಅಂತ ಪೇಪರ್‌ದಾಗ ಬರದಿತ್ತೇನ್ರಿ?"

ಹಾಜರಿಯಲ್ಲಿ ಮಾತ್ರವಲ್ಲ, ಪತ್ರಿಕೆಯ ಮೇಲೂ ಆಕೆಯ ಹೆಸರಿನ ಪಕ್ಕ ನನ್ನ ಹೆಸರಿತ್ತು ಎಂಬುದನ್ನು ಹೇಳುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ. ಜಮಾದಾರರು ಕೆಂಪು ಪೆನ್ನು ತೆಗೆದು ಅಂಕ ಹೊಡೆದುಹಾಕಿ, "ತಪ್ಪಾತ್ರಿ" ಎಂದರು. "ಉಪಕಾರ ಆತ್ರಿ ಸರ್" ಎಂದು ಆಕೆ ಹೊರಟುಹೋದಳು. ಮಾರ್ಕ್ಸ್ ಕಡಿಮೆ ಮಾಡಿಸಿಕೊಂಡು ಹೋದ ವಿದ್ಯಾರ್ಥಿಯನ್ನು ನಮ್ಮ ಕಾಲೇಜು ಅದಕ್ಕೂ ಮೊದಲು ಕಂಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಜಮಾದಾರರು ನನ್ನ ಕಡೆ ತಿರುಗಿ, "ಸರ್, ಮನ್ಯಾಗ ನೀವು ಹೆಂಗ ಇರ್ತೀರಿ?" ಎಂದು ಮೆಲ್ಲಗೆ ಕೇಳಿದರು.

ಆ ಸಂಜೆ ಮನೆಯಲ್ಲಿ ನಾನು ಸಮಾಧಾನದಿಂದಲೇ ಮಾತು ತೆಗೆದೆ. "ಅಲ್ಲ, ಯಾಕ ತಿಳೀಲಿಲ್ಲ ನಿನಗ? ತಾಸಿನ್ಯಾಗ ಅಷ್ಟು ಸಲ ಹೇಳೀನಿ."

"ಯಾರಿಗಿ ಹೇಳೀರಿ? ನೀವು ಕರಿಹಲಗಿ ಜೋಡಿ ಮಾತಾಡ್ತೀರಿ. ನಿಮ್ಮದೂ ಹಲಗಿದೂ ಭಾಳ ಚಲೋ ನಡದೈತಿ. ನಾವು ಹಿಂದ ಕುಂತು ನಿಮ್ಮ ಬೆನ್ನು ನೋಡ್ತೀವಿ."

"ತಿಳೀದಿದ್ರ ಮಕ್ಕಳು ಕೇಳಬೇಕಲ್ಲ?"

"ಯಾವ ಭಾಷಾದಾಗ ಕೇಳಬೇಕು? ರೇಷ್ಮಾ ಹತ್ತನೇತನಕ ಕನ್ನಡ ಸಾಲ್ಯಾಗ ಕಲ್ತಾಳ. ಪುಸ್ತಕ ಇಂಗ್ಲಿಷು, ನೀವು ಮಾತಾಡೂದು ಮರಾಠಿ. ಆಕಿ ಪ್ರಶ್ನೆ ಹೊಂದಿಸ್ಕೊಳ್ಳೂದ್ರಾಗ ನೀವು ಹಲಗಿ ಅಳಿಸಿರ್ತೀರಿ." ಇಷ್ಟು ಹೇಳಿ ಆಕೆ ನನ್ನ ತಟ್ಟೆಗೆ ಪಲ್ಯ ಬಡಿಸಿದಳು. "ಈ ವರ್ಷ ನಾಪಾಸಾದ್ರ ಆಕಿನ್ನ ಲಗ್ನ ಮಾಡಿ ಕೊಡ್ತಾರಂತ. ಹುಡುಗನ್ನೂ ನೋಡ್ಯಾರ. ನಂದೇನು, ನಾಪಾಸಾದ್ರೂ ನಡೀತೈತಿ. ನಂದು ಲಗ್ನ ಆಗಿಹೋಗೇತಿ."

ಸಿಟ್ಟು ಬಂತು ಎಂದು ಹೇಳಿದರೆ ಅರ್ಧ ಸತ್ಯ. ಅವತ್ತು ಪಲ್ಯದಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ತಟ್ಟೆ ಸರಿಸಿ ಎದ್ದೆ. ಉಪ್ಪು ಸರಿಯಾಗಿಯೇ ಇತ್ತು. ಹೊರಗೆ ರಸ್ತೆಯಲ್ಲಿ ಅಡ್ಡಾಡುವಾಗ ರೇಷ್ಮಾಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಜೂನ್‌ನಿಂದ ನನ್ನ ಎದುರು ಕೂತ ಹುಡುಗಿಯ ಮುಖ ನನಗೆ ಬರಲಿಲ್ಲ. ಹಲಗೆಯ ಮೇಲೆ ಎಲ್ಲಿ ಬಿರುಕು ಬಿಟ್ಟಿದೆ, ಯಾವ ಮೂಲೆಯಲ್ಲಿ ಸೀಮೆಸುಣ್ಣ ಹಿಡಿಯುವುದಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು. ಹೆಂಡತಿ ಹೇಳಿದ್ದು ನಿಜವಾಗಿದ್ದಾಗ ಬೀದಿಯಲ್ಲಿ ಎಷ್ಟು ಅಡ್ಡಾಡಿದರೂ ಪ್ರಯೋಜನವಿಲ್ಲ. ಮನೆಗೆ ಬಂದೆ.

ಮರುದಿನ ಸಂಜೆ ಆಕೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನಾನೂ ಒಂದು ಕಟ್ಟು ಎಳೆದುಕೊಂಡು ಎದುರು ಕೂತೆ. ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳಿವೆ. ಬಿ.ಎಸ್ಸಿ.ಯ ಮೊದಲ ವರ್ಷ ಮಕ್ಕಳು ಎಡವುವುದು ಇಲ್ಲೇ. ಒಂದು ಬೆಲೆ ಇನ್ನೊಂದರ ಹತ್ತಿರ, ಅಂದರೆ ತನ್ನ ಲಿಮಿಟ್ಟಿನ ಹತ್ತಿರ, ಹೋಗುತ್ತದೆ ಎನ್ನುವಾಗ ಹತ್ತಿರ ಎಂದರೆ ಎಷ್ಟು ಎಂಬುದನ್ನು ಇವು ಹೇಳುತ್ತವೆ. "ಒಂದು ಆಡು ಬಾವಿ ಕಡಿ ಹೊಂಟೈತಿ ಅಂತ ತಿಳಿ" ಎಂದು ಶುರು ಮಾಡಿದೆ. "ಹತ್ರ ಹತ್ರ ಹೋಗ್ತೈತಿ, ಆದ್ರ ಮುಟ್ಟೂದಿಲ್ಲ." ಮಹಾದೇವಿ ಕೇಳಿದಳು, "ಯಾಕ ಮುಟ್ಟೂದಿಲ್ಲ? ನೀರಡಿಸಿರಬೇಕಲ್ಲ." ಆಡನ್ನು ಬಿಟ್ಟೆ. ಬಸ್ಸು, ಸ್ಟ್ಯಾಂಡು ಹಿಡಿದೆ. ಬಸ್ಸು ಸ್ಟ್ಯಾಂಡಿಗೆ ಬರುವುದೇ ಇಲ್ಲವೆಂದರೆ ಜನ ಸುಮ್ಮನಿರುತ್ತಾರೆಯೇ ಎಂದಳು. ಅದನ್ನೂ ಬಿಟ್ಟೆ.

ಕೊನೆಗೆ ಆಕೆಯೇ ಕೇಳಿದಳು. "ಅದೆಲ್ಲಾ ಇರ್ಲಿ. ಇವೆರಡರಾಗ ಮೊದಲ ಬಾಯಿ ತೆಗಿಯೂದು ಯಾವುದು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. "ಎಪ್ಸಿಲಾನ್" ಎಂದೆ. "ಎದುರಿನವರು ಹೇಳ್ತಾರ, ಉತ್ತರದಾಗ ಇಷ್ಟಕ್ಕಿಂತ ಹೆಚ್ಚು ಫರಕ ಇರಬಾರದು ಅಂತ. ಅದು ಎಪ್ಸಿಲಾನ್. ಅದಕ್ಕ ತಕ್ಕಂಗ ಮೊದಲಿನ ಬೆಲಿ ಎಷ್ಟು ಹತ್ರ ಇರಬೇಕು ಅಂತ ನಾವು ಡೆಲ್ಟಾ ಹುಡುಕಬೇಕು. ಅವರು ಇನ್ನೂ ಬಿಗಿ ಮಾಡಿದ್ರ ನಾವು ಮತ್ತ ಹೊಸಾದು ಹುಡುಕಬೇಕು. ಅವರು ಏನ ಕೇಳಿದ್ರೂ ಕೊಡಾಕ ಬಂದ್ರ ಗೆದ್ದಂಗ."

ಆಕೆಯ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಉಳಿಯಿತು. "ಅಂದ್ರ ಒಬ್ಬರು ಹಟ ಹಿಡೀತಾರ, ಇನ್ನೊಬ್ಬರು ಹೊಂದಿಸ್ತಾರ. ಎಂಥಾ ಹಟ ಹಿಡದ್ರೂ ಹೊಂದಿಸಾಕ ಬರಬೇಕು."

"ಬರೋಬರಿ."

"ಹಟ ಎಪ್ಸಿಲಾನಂದು, ಹೊಂದಿಸೂದು ಡೆಲ್ಟಾಂದು."

"ಬರೋಬರಿ!"

"ಇಷ್ಟು ವರ್ಷ ಡೆಲ್ಟಾ ಆಗಿ ಸಂಸಾರ ಮಾಡೀನಿ, ಇದು ನನಗ ಹೆಂಗ ತಿಳೀಲಿಲ್ಲ?" ಎಂದಳು. ಆಕೆ ನಕ್ಕಳು. ನಾನು ಸೊಪ್ಪು ಬಿಡಿಸಿದೆ.

ಮುಂದಿನ ತಾಸಿಗೆ ನಾನು ಮಕ್ಕಳ ಕಡೆ ಮುಖ ಮಾಡಿ ನಿಂತೆ. ಇದು ಹೇಳುವಷ್ಟು ಸುಲಭವಲ್ಲ. ಬೆನ್ನಿನ ಹಿಂದೆ ಇಷ್ಟು ಜನ ಇದ್ದಾರೆ ಎಂದು ಗೊತ್ತಿರುವುದು ಬೇರೆ, ಅವರೆಲ್ಲ ನಮ್ಮನ್ನೇ ನೋಡುವುದು ಬೇರೆ. ಮೊದಲು ಕನ್ನಡದಲ್ಲಿ ಹೇಳಿದೆ, ಆಮೇಲೆ ಮರಾಠಿಯಲ್ಲಿ. ತರಗತಿಯಲ್ಲಿದ್ದ ದರಿಬಡಚಿ ಊರಿನ ಹುಡುಗರು ಎರಡೂ ಭಾಷೆಯಲ್ಲಿ ತಲೆ ತೂರಿಸಿ ಗದ್ದಲ ಮಾಡಿದರು. ಆ ಗದ್ದಲದ ನಡುವೆ ರೇಷ್ಮಾ ಎದ್ದು ನಿಂತಳು. "ಸರ್, ಎದುರಿನವರು ಕೇಳಿದ್ದಕ್ಕ ನಮಗ ಕೊಡಾಕ ಬರಲಿಲ್ಲಂದ್ರ?" ಎಂದಳು. ಆಗ ನಾವು ಹಿಡಿದ ಬೆಲೆ ಲಿಮಿಟ್ ಅಲ್ಲ ಎಂದು ಅರ್ಥ, ಅದೂ ಒಂದು ಉತ್ತರವೇ ಎಂದೆ. ಇಡೀ ವರ್ಷದಲ್ಲಿ ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಕೇಳಿದವಳು ಕೂತುಕೊಂಡು ಮಹಾದೇವಿಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಯ ಫಲಿತಾಂಶ ಬಂತು. ರೇಷ್ಮಾ ಪಾಸಾದಳು. ಆಕೆಯ ಅಪ್ಪ ಪೇಢೆ ಹಿಡಿದು ನಮ್ಮ ಮನೆಗೆ ಬಂದು, "ಹುಡುಗನ ಕಡಿಯವ್ರಿಗೆ ಡಿಗ್ರಿ ಆಗೂತನಕ ತಡೀರಿ ಅಂದೀನ್ರಿ" ಎಂದರು. ಪೇಢೆಯ ಪೊಟ್ಟಣವನ್ನು ನನ್ನ ಕೈಗಲ್ಲ, ಮಹಾದೇವಿಯ ಕೈಗೆ ಕೊಟ್ಟರು. ಮಹಾದೇವಿಯೂ ಪಾಸಾದಳು. ದೊಡ್ಡ ಅಂಕಗಳೇನಲ್ಲ. ಆದರೆ ಅದರಲ್ಲಿ ಒಂದೂ ಯಾರೋ ಪುಕ್ಕಟೆ ಕೊಟ್ಟದ್ದಲ್ಲ ಎಂದು ಆಕೆ ಅಂಕಪಟ್ಟಿಯನ್ನು ದೇವರ ಮುಂದೆ ಇಟ್ಟಳು.

ಎರಡನೆಯ ವರ್ಷ ನಾನು ಕಲಿಸುವ ವಿಷಯ, ಇಲ್ಲವೆ ಜಮಾದಾರರು ಕಲಿಸುವ ಬೀಜಗಣಿತ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಇಷ್ಟೆಲ್ಲ ಆದ ಮೇಲೆ ಆಕೆ ನನ್ನದನ್ನೇ ಆರಿಸುತ್ತಾಳೆ ಎಂದುಕೊಂಡು ಕೇಳುವುದಕ್ಕೂ ಹೋಗಿರಲಿಲ್ಲ. ಆಕೆ ಜಮಾದಾರರದು ತೆಗೆದುಕೊಂಡಳು. ಯಾಕೆ ಎಂದರೆ, "ನೀವು ಮನ್ಯಾಗ ಇದ್ದ ಇರ್ತೀರಲ್ಲ. ಏನರ ಅಡ್ಡಿ ಬಂದ್ರ ನಿಮ್ಮನ್ನ ಕೇಳ್ತೀನಿ" ಎಂದಳು. ಮಾತಿಗೆ ತಪ್ಪಲಿಲ್ಲ. ದಿನಾ ಕೇಳುತ್ತಾಳೆ. ಆದರೆ ಆ ಬೀಜಗಣಿತವನ್ನು ನಾನು ಎಂ.ಎಸ್ಸಿ. ಪರೀಕ್ಷೆ ಬರೆದ ದಿನವೇ ಮರೆತವನು. "ನಾಳೆ ಹೇಳ್ತೀನಿ, ಈಗ ತಲಿ ನೋಯಾಕತ್ತೇತಿ" ಎಂದು ಜಾರಿಕೊಂಡು, ಮರುದಿನ ಬಿಡುವಿನಲ್ಲಿ ಜಮಾದಾರರನ್ನು ಮೂಲೆಗೆ ಕರೆದು ಅದೇ ಪ್ರಶ್ನೆಯನ್ನು ನನ್ನದೆಂಬಂತೆ ಕೇಳುತ್ತೇನೆ. ಅವರು ಕೆಲವು ದಿನ ತಾಳ್ಮೆಯಿಂದ ಹೇಳಿಕೊಟ್ಟರು. ಮೊನ್ನೆ ಚಹಾ ಮುಗಿಸುತ್ತ, "ಸರ್, ಹಿಂಗ ಎರಡೆರಡು ಸಲ ಹೇಳೂದಕ್ಕಿಂತ ನೀವೂ ನನ್ನ ತಾಸಿಗಿ ಬಂದು ಕುಂದ್ರಿ. ವೈನಿಯವರ ಬಾಜೂ ಜಾಗಾ ಐತಿ" ಎಂದರು. ನಾನು ಇದನ್ನು ಗಂಭೀರವಾಗಿ ವಿಚಾರ ಮಾಡುತ್ತಿದ್ದೇನೆ. ಆ ಹೊತ್ತಿಗೆ ನನಗೆ ಬೇರೆ ಕೆಲಸವೂ ಇಲ್ಲ. ಅಡ್ಡಿ ಇರುವುದು ಒಂದೇ. ಜಮಾದಾರರು ತಾಸಿನ ಕೊನೆಗೆ ಯಾರನ್ನಾದರೂ ಎಬ್ಬಿಸಿ ಪ್ರಶ್ನೆ ಕೇಳುತ್ತಾರಂತೆ, ಬಾರದಿದ್ದರೆ ಪಕ್ಕದಲ್ಲಿ ಕೂತವರಿಂದ ಉತ್ತರ ಹೇಳಿಸುತ್ತಾರಂತೆ.