ಪದ್ದುವಿನ ರೈಲು ಲೇಟು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಕುಚ್ಚಲಕ್ಕಿಯ ಅಗುಳು. ಭಾನುವಾರ ಬೆಳಿಗ್ಗೆ ಗಂಜಿ ಉಣ್ಣುವಾಗ ಪದ್ದುವಿನ ಕೈಯಿಂದ ಜಾರಿದ ಆ ಅಗುಳು ಸೀದಾ ರೈಲಿನ ಹಳಿಯ ಮೇಲೆ ಬಿತ್ತು. ಇಂಜಿನ್ನು ಬಂದು ಮೆಟ್ಟಿತು, ಅಗುಳು ಗಾಲಿಗೆ ಮೆತ್ತಿಕೊಂಡಿತು, ಡಬ್ಬಿಗಳೆಲ್ಲ ಮಂಚದಡಿಯಲ್ಲಿ ನಿಂತುಬಿಟ್ಟವು.

ರೈಲೆಂದರೆ, ಮಕ್ಕಳು ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿವೆಯಲ್ಲ, ಅವುಗಳಿಂದ ಪದ್ದುವೇ ಕಟ್ಟಿದ ರೈಲು. ನೀಲಿ ಡಬ್ಬಿಗಳು, ಕಿಟಕಿಗೆ ಸರಳು, ಕೊನೆಯ ಡಬ್ಬಿಯ ಹಿಂದೆ ಕೆಂಪು ದೀಪ. ಗುಂಡಿ ಒತ್ತಿದರೆ ಚಾವಡಿಯಿಂದ ಹೊರಟು, ಮಂಚದಡಿಯ ಸುರಂಗ ಹೊಕ್ಕು, ಅಡುಗೆಮನೆಯ ಬಾಗಿಲವರೆಗೆ ಹೋಗಿ ಸುತ್ತಿಕೊಂಡು ಬರುತ್ತದೆ. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ದುಡಿಯುವ, ನಲವತ್ತೈದು ದಾಟಿದರೂ ಮದುವೆಯಾಗದ, ಅಮ್ಮ ತೀರಿಕೊಂಡ ಮೇಲೆ ಒಬ್ಬನೇ ಇರುವ ಗಂಡಸು ಮನೆಯೊಳಗೆ ಆಟಿಕೆ ರೈಲು ಬಿಡುತ್ತಾನೆಂದರೆ ಕೇರಿಯವರು ನಗದೆ ಬಿಡುತ್ತಾರೆಯೇ? ಹಾಗಾಗಿ ಬಾಗಿಲು ಹಾಕಿಕೊಂಡೇ ಬಿಡುತ್ತಿದ್ದ. ಆದರೆ ರೈಲು ಒಂದು ಸುತ್ತು ಮುಗಿಸಿ ಬಂದಾಗಲೆಲ್ಲ, ಪಕ್ಕದಲ್ಲಿ ಕೂತು ‘ಬಂತ್ ಕಾಣ್!’ ಎನ್ನುವ ಒಂದು ಜೀವ ಇದ್ದಿದ್ದರೆ ಎಂದು ಅವನಿಗೆ ಅನಿಸದೆ ಇರುತ್ತಿರಲಿಲ್ಲ. ಡಬ್ಬಿಗಳಲ್ಲಿ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಮನೆಯ ಕತೆಯೂ ಅದೇ.

ಮನೆಯೊಳಗೆ ಮನುಷ್ಯರ ದನಿಯೊಂದು ಕೇಳಲಿ ಎಂದೇ ಹಿಂದಿನ ದಿನ ಮೀನು ಮಾರುವ ರಿಕ್ಷಾದವನ ಹಳೆಯ ಸ್ಪೀಕರನ್ನು ತಂದಿದ್ದ. ಬರೆದದ್ದನ್ನು ಹೆಣ್ಣುದನಿಯಲ್ಲಿ ಓದಿ ಹೇಳುವ ಸೌಕರ್ಯ ಮೊಬೈಲಿನಲ್ಲಿತ್ತು. ಅದನ್ನು ಸ್ಪೀಕರಿಗೆ ತುಂಬಿಸಿದರಾಯಿತು. ಸ್ಪೀಕರಿನ ಬ್ಯಾಟರಿ ಸತ್ತಿತ್ತು. ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಮಾತಾಡುತ್ತಿತ್ತು, ಕರೆಂಟು ತಾಗಿದ ಕೂಡಲೇ ತಾನಾಗಿಯೇ ಶುರು ಮಾಡುತ್ತಿತ್ತು.

ಪದ್ದುವಿನ ಲೆಕ್ಕದಲ್ಲಿ ಅದು ಮುಂಬೈಯ ರೈಲು. ರೈಲು ನಿಂತ ಮೇಲೆ ಪ್ರಯಾಣಿಕರಿಗೆ ತಿಳಿಸುವುದು ಧರ್ಮ. ಪದ್ದು ಸ್ಪೀಕರ್ ಸಿಕ್ಕಿಸಿದ.

“ಪ್ರಯಾಣಿಕರು ದಯವಿಟ್ಟು ಗಮನಿಸಿ. ಮುಂಬೈಯಿಂದ ಬರುವ ರೈಲು ಅರ್ಧ ಗಂಟೆ ತಡವಾಗಿ ಬರಲಿದೆ. ಅನಾನುಕೂಲತೆಗಾಗಿ ವಿಷಾದಿಸುತ್ತೇವೆ.”

ಬಂಗುಡೆ, ಬೂತಾಯಿ ಮೀನುಗಳ ಹೆಸರನ್ನು ಮೂರು ಕೇರಿಗೆ ಕೇಳಿಸಿದ ಸ್ಪೀಕರ್ ಅದು. ರೈಲನ್ನು ಮೆಲ್ಲಗೆ ಹೇಳೀತೇ?

ಪದ್ದು ಮಂಚದಡಿ ತೂರಿ, ಪಿನ್ನಿನಿಂದ ಅಗುಳು ಕೆದಕುತ್ತಿದ್ದಾಗ ಎದುರುಮನೆಯ ಹರಿಣಾಕ್ಷಿಯ ಕೂಗು ಕೇಳಿಸಿತು.

“ಹ್ವಾಯ್ ಪದ್ದು! ಚಂದ್ರಕ್ಕನ್ ಮನಿಗ್ ನೆಂಟ್ರ್ ಬಪ್ಪು ರೈಲ್ ಲೇಟ್ ಅಂಬ್ರ್! ಅಲ್ಲೇ ಗೋಳಿಬಜೆಗೆ ಎಣ್ಣಿ ಇಟ್ಟಿತ್ತ್, ತಿಂಬುಕೆ ಬಾ!”

ಪದ್ದುವಿನ ತಲೆ ಮಂಚಕ್ಕೆ ಬಡಿಯಿತು. ಕುಂದಾಪುರದ ರೈಲು ನಿಲ್ದಾಣ ಅವರ ಕೇರಿಯಿಂದ ಗದ್ದೆ ದಾಟಿದರೆ ಅಲ್ಲೇ. ಗಾಳಿ ಈ ಕಡೆ ಬೀಸಿದ ದಿನ ಅಲ್ಲಿನ ಮೈಕು ಅಡುಗೆಮನೆಗೇ ಕೇಳಿಸುತ್ತದೆ. ಮೈಕು ಕೂಗಿದ ಮೇಲೆ ಚಪ್ಪಲಿ ಹುಡುಕುವುದು ಕೇರಿಯ ಪದ್ಧತಿ. ಇವತ್ತು ಗಾಳಿ ಆ ಕಡೆ ಬೀಸುತ್ತಿತ್ತು. ಅದನ್ನು ಯಾರು ಗಮನಿಸುತ್ತಾರೆ?

ಹೇಳಿಬಿಡಬೇಕು ಎಂದೇ ಅವನು ಪಕ್ಕದ ಚಂದ್ರಕ್ಕನ ಮನೆಗೆ ಹೋದ. ಚಂದ್ರಾವತಿ ಇಸ್ತ್ರಿ ಸೀರೆಯುಟ್ಟು ಬಾಣಲೆಯ ಮುಂದೆ ನಿಂತಿದ್ದಳು. ಗಂಡ ನಾಗ ಬಿಳಿ ಪಂಚೆಯಲ್ಲಿ ಜಗಲಿಯ ಮೇಲೆ ಕೂತಿದ್ದ.

“ಮೊಬೈಲಂಗ್ ಒಂದ್ ಸಲ ಕಾಂತೆ,” ಎಂದು ನಾಗ ಏಳಹೋದ.

“ಮೈಕಂಗೇ ಹೇಳದ್ ಮೇಲೆ ಮೊಬೈಲಂಗ್ ಎಂತ ಕಾಂಬ್ದ್? ಚಾರ್ಜಿಗ್ ಇಟ್ಟದ್ದ್ ತೆಗಿಬೇಡಿ,” ಎಂದಳು ಚಂದ್ರಾವತಿ. ಆಮೇಲೆ ಪದ್ದುವಿನ ಕಡೆ ತಿರುಗಿ, “ಗಡ್ಡ ತೆಗಿ, ಮನಿ ಗುಡ್ಸ್ ಅಂದ್ ನಿನ್ನೆಯೇ ಹೇಳಿದ್ನಲೆ ಮಾರಾಯಾ?” ಎಂದಳು. ಅವಳು ಅದನ್ನು ವರ್ಷವಿಡೀ ಹೇಳುವವಳೇ.

“ಚಂದ್ರಕ್ಕ, ಆ ರೈಲ್...” ಎಂದು ಪದ್ದು ಬಾಯಿ ತೆರೆದ. ಹರಿಣಾಕ್ಷಿ ಬಿಸಿ ಗೋಳಿಬಜೆಯೊಂದನ್ನು ಕೈಗಿಟ್ಟಳು. “ಚಟ್ನಿ ಹಾಕ್ಕಾ?” ಎಂದಳು. “ಚಾ ಇನ್ನೊಂಚೂರ್?” ಎಂದ ನಾಗ. ಬೇಕೋ ಬೇಡವೋ ಎಂದು ಪದ್ದುವನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಬಾಯಿಗೆ ಬಂದ ಮಾತು ಗೋಳಿಬಜೆಯ ಜೊತೆಗೆ ಹೊಟ್ಟೆಗಿಳಿಯಿತು.

ಮಾತು ತ್ರಾಸಿಯ ಕಡಲಿಗೆ ಹೋಯಿತು, ವಂಡ್ಸೆಯ ಬಸ್ಸಿಗೆ ಬಂತು. ಪದ್ದು ನಕ್ಕ, ನಗಿಸಿದ. ಅಷ್ಟರಲ್ಲಿ ನಾಗ ಪಂಚೆ ಕೊಡವಿ ಎದ್ದ. “ಹೊರ್ಡ್ವ, ಹೊತ್ತಾಯ್ತ್.” ಪದ್ದು ಲೋಟ ಕೆಳಗಿಟ್ಟ. ಇವರು ಹೊರಟರೆ ತಾನು ಮತ್ತೆ ಆ ಮನೆಗೆ, ಆ ಖಾಲಿ ಡಬ್ಬಿಗಳಿಗೆ.

“ಗ್ಯಾಸ್ ಬಂದ್ ಮಾಡಿ ಬತ್ತೆ,” ಎಂದವನೇ ಮನೆಗೆ ಓಡಿದ. ನೆಂಟರಲ್ಲವೇ, ಆಟೋ ಹಿಡಿದು ಬಂದಾರು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಮರುಕ್ಷಣವೇ ಹೆಣ್ಣುದನಿ ಕೇರಿಗೆಲ್ಲ ಸಾರಿತು: “ಮುಂಬೈಯಿಂದ ಬರುವ ರೈಲು ಇನ್ನೂ ಒಂದು ಗಂಟೆ ತಡವಾಗಿ ಬರಲಿದೆ...” ಮಾತು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು.

ಪದ್ದು ವಾಪಸು ಬರುವಾಗ ಎಲ್ಲರೂ ಮತ್ತೆ ಕೂತಿದ್ದರು. ಇನ್ನೊಂದು ಸುತ್ತು ಚಾ ಬಂತು. ಆಗಲೇ ಗದ್ದೆಯ ಆಚೆಯಿಂದ ಉದ್ದಕ್ಕೆ ಹಾರನ್ ಕೇಳಿಸಿತು.

“ರೈಲ್ ಬಂತಾ ಎಂತ?” ನಾಗನ ಕಿವಿ ನೆಟ್ಟಗಾಯಿತು.

“ಅದ್ ಗೂಡ್ಸ್, ನಾಗಣ್ಣ. ಹಾರನ್ ಕೇಂಡ್ರೆ ನಂಗ್ ಗೊತ್ತಾತ್ತ್,” ಎಂದ ಪದ್ದು.

ಬಹಳ ಹೊತ್ತಿನ ಮೇಲೆ ನಾಗ, ಕರೆಂಟಿಲ್ಲದೆ ಮೊಬೈಲನ್ನು ಚಾರ್ಜಿಗೆ ಯಾಕಿಡಬೇಕು ಎಂದು ಒಳಗೆ ಹೋದವನು ಅದನ್ನು ಹಿಡಿದು ಓಡುತ್ತಾ ಹೊರಗೆ ಬಂದ. ಅದು ಸೈಲೆಂಟಿನಲ್ಲಿತ್ತು, ಮುಂಬೈಯಿಂದ ಬರಬೇಕಿದ್ದ ವಿನಯಾಳ ಮಿಸ್ಡ್ ಕಾಲುಗಳು ಸಾಲುಗಟ್ಟಿ ನಿಂತಿದ್ದವು. ಚಂದ್ರಾವತಿ ಕಸಿದುಕೊಂಡು ಫೋನು ಮಾಡಿದಳು. ಆಚೆಯ ದನಿ ಜಗಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

“ಅಷ್ಟ್ ಹೊತ್ತ್ ಸ್ಟೇಷನ್ನಂಗ್ ಒಬ್ಳೇ ಕೂಕಂಡಿದ್ದೆ ಚಂದ್ರಕ್ಕ. ಗಂಡಿಗ್ ಇಷ್ಟ ಇಲ್ದಿದ್ರೆ ಬಾಯ್ಬಿಟ್ ಹೇಳ್ಕಿದ್ದಿತ್ತ್. ನಾನ್ ಬಾರ್ಕೂರಿಗ್ ಅಕ್ಕನ್ ಮನಿಗ್ ಬಸ್ ಹತ್ದೆ. ಇನ್ ಈ ಸುದ್ದಿ ಬ್ಯಾಡ.” ಆಮೇಲೆ ಫೋನು ಸ್ವಿಚ್ ಆಫ್.

“ಯಾವ್ ಗಂಡ್, ಚಂದ್ರಕ್ಕ?” ಎಂದ ಪದ್ದು.

“ನೀನೇ, ಮತ್ಯಾರ್!” ಚಂದ್ರಾವತಿ ಮೆಟ್ಟಿಲ ಮೇಲೆ ಕುಸಿದಳು. “ಅವ್ಳ್ ಮುಂಬೈಯಂಗ್ ಬಟ್ಟಿ ಹೊಲ್ಕಂಡ್ ಒಬ್ಳೇ ಇಪ್ದ್. ಮೊದ್ಲೇ ಹೇಳ್ರೆ ನೀನ್ ನಾಚ್ಕಂಡ್ ಓಡ್ತಿ ಅಂದ್ ಹೇಳಿಲ್ಲ. ‘ಕುಡುವರ್ನ್ ಕಂಡಿದೆ, ಇಸ್ಪೀಟ್ ಆಡುವರ್ನ್ ಕಂಡಿದೆ, ರೈಲ್ ಕಟ್ಟುವರ್ನ್ ಒಂದ್ ಸಲ ಕಾಣ್ಕ್’ ಅಂದ್ ನೆಗಾಡ್ಕಂಡೇ ಒಪ್ಪಿದ್ಳ್. ನಿನ್ ರೈಲ್ ಕಾಂಬುಕೇ ಇಲ್ಲಿ ಇಳ್ದದ್ದ್!”

“ನನ್ ರೈಲಾ? ನಿಮ್ಗೆ ಗೊತ್ತಿತ್ತಾ?”

“ಕೇರಿಗೆಲ್ಲ ಗೊತ್ತಿತ್ತ್. ಬಾಗ್ಲ್ ಹಾಕ್ತಿ, ಕಿಟ್ಕಿ ಮರೀತಿ. ನಮ್ಗೂ ಕಾಂಬುಕೆ ಆಸೆ. ನೀನ್ ಕರದ್ರಲ್ದಾ ಬಪ್ದ್!”

ರೈಲು ನೋಡಲು ಒಂದು ಜೀವ ಮುಂಬೈಯಿಂದ ಬಂದಿತ್ತು. ಗದ್ದೆಯ ಆಚೆ ಒಂಟಿಯಾಗಿ ಕೂತು ದಾರಿ ಕಾದಿತ್ತು. ಒಬ್ಬರೇ ಕೂರುವುದೆಂದರೆ ಏನೆಂದು ಪದ್ದುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಎಲ್ಲ ಆ ಮೈಕಿನವ್ರಿಂದ ಆದ್ದ್!” ನಾಗ ಗುಡುಗಿದ. “ಈಗ್ಲೇ ಸ್ಟೇಷನ್ನಿಗ್ ಹೋಯ್ ಕಂಪ್ಲೇಂಟ್ ಕೊಡ್ಕ್. ಮತ್ತೆ ನಾವೆಲ್ಲ ಬಾರ್ಕೂರಿಗ್ ಹೋಪ. ತಪ್ಪ್ ನಮ್ದಲ್ಲ ಅಂದ್ ತಿಳ್ಸಿ ಹೇಳ್ರೆ ಆ ಹೆಣ್ಣ್ ಒಪ್ಪುಗ್.”

“ಹೌದ್ ನಾಗಣ್ಣ!” ಪದ್ದು ಜೀವ ಬಂದವನಂತೆ ಎದ್ದು ನಿಂತ. “ಆ ಮೈಕಿನವ್ರನ್ನ್ ಸುಮ್ನೆ ಬಿಡುಕಾಗ. ಬನಿ, ನಾನೂ ಬತ್ತೆ!”

ಆಗಲೇ ಕರೆಂಟು ಬಂತು.

“ಪ್ರಯಾಣಿಕರು ದಯವಿಟ್ಟು ಗಮನಿಸಿ,” ಎಂದಿತು ಪದ್ದುವಿನ ಮನೆಯ ಕಿಟಕಿ. “ಮುಂಬೈಯಿಂದ ಬರುವ ರೈಲು ಇನ್ನೂ ಒಂದು ಗಂಟೆ ತಡವಾಗಿ ಬರಲಿದೆ.”

ಮೂರು ತಲೆಗಳು ಕಿಟಕಿಯ ಕಡೆ ತಿರುಗಿದವು, ಆಮೇಲೆ ಮೆಲ್ಲಗೆ ಪದ್ದುವಿನ ಕಡೆ. ಹರಿಣಾಕ್ಷಿ ಅವನ ಮುಂದಿದ್ದ ಗೋಳಿಬಜೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

“ಅನಾನುಕೂಲತೆಗಾಗಿ ವಿಷಾದಿಸುತ್ತೇವೆ,” ಎಂದಿತು ಕಿಟಕಿ.