ಟ್ರ್ಯಾಕ್ಟರಿನ ಹಗ್ಗ

“ಕೆಂಪೋ, ಹಸರೋ?”

ಕರಬಸಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬಾಯಲ್ಲಿ ಬೇವಿನ ಕಡ್ಡಿ, ಎದುರಿಗೆ ಖಾಲಿ ಗೋದಲಿ. ಜೋಡೆತ್ತು ನಿಲ್ಲುತ್ತಿದ್ದ ಜಾಗದಲ್ಲಿ ಹೆಂಡತಿ ನಾಗವ್ವ ಆಗಲೇ ಕಟ್ಟಿಗೆ ಒಟ್ಟಿಬಿಟ್ಟಿದ್ದಳು.

ನಾಡು ಸ್ವತಂತ್ರವಾದ ಮರುವರ್ಷದ ಮಾತು. ಹತ್ತಿಮತ್ತೂರಿನ ಈ ಕರಬಸಪ್ಪ, ಟ್ರ್ಯಾಕ್ಟರ್ ಕೊಳ್ಳುವ ಭರವಸೆಯಲ್ಲಿ ತನ್ನ ಎತ್ತುಗಳನ್ನು ಹಿರೇಕೆರೂರ ಸಂತೆಯಲ್ಲಿ ಮಾರಿ ಬಂದಿದ್ದ. ಅಲ್ಲಿಂದ ಮುಂದೆ ಅವನಿಗೆ ಹುಬ್ಬಳ್ಳಿಗೆ ಹೋಗುವುದು, ಬರುವುದೇ ಉದ್ಯೋಗವಾಯಿತು. ಸಣ್ಣ ಹಿಡುವಳಿಯವರಿಗೆಂದು ಮಾಡಿದ ಪುಟ್ಟ ಟ್ರ್ಯಾಕ್ಟರು ಅಲ್ಲಿ ಎರಡು ಇದ್ದವು. ಕೆಂಪಿನದು ಎಣ್ಣೆ ಕಡಿಮೆ ಕುಡಿಯುತ್ತದೆ, ಶಕ್ತಿಯೂ ಕಡಿಮೆ. ಹಸಿರಿನದು ಶಕ್ತಿವಂತ, ಹೊಟ್ಟೆಬಾಕ. ಬಸ್ಸಿನಲ್ಲಿ ಹುಬ್ಬಳ್ಳಿ ಬಿಡುವಾಗ ಅವನಿಗೆ ಕೆಂಪಿನದೇ ಸರಿ ಎನ್ನಿಸುತ್ತಿತ್ತು. ಶಿಗ್ಗಾಂವ ಬರುವಷ್ಟರಲ್ಲಿ ಹಸಿರಿನ ಕಡೆಗೆ ಮನಸ್ಸು ವಾಲುತ್ತಿತ್ತು. ಸವಣೂರಿನಲ್ಲಿ ಇಳಿಯುವಾಗ ಎರಡೂ ಬೇಡವಾಗಿರುತ್ತಿದ್ದವು.

ಇಷ್ಟರಲ್ಲಿ ಊರವರ ಹೊಲಗಳೆಲ್ಲ ನೇಗಿಲು ಕಂಡಿದ್ದವು. ಕರಬಸಪ್ಪನ ಹೊಲ ಮಾತ್ರ ಕರಕಿಹುಲ್ಲು ಹೊದ್ದು ಮಲಗಿತ್ತು. ರೋಹಿಣಿ ಮಳೆ ತಲೆಬಾಗಿಲಿಗೆ ಬಂದಿತ್ತು. ಅದು ಸುರಿಯಿತೆಂದರೆ ಎರೆಮಣ್ಣು ಅಂಟಾಗಿ ಗಾಲಿಯನ್ನೂ ಬಿಡದು, ಕಾಲನ್ನೂ ಬಿಡದು. ಮಣ್ಣು ಆರುವಷ್ಟರಲ್ಲಿ ಕರಕಿ ಮೊಣಕಾಲಿಗೆ ಬಂದು ಈ ವರ್ಷದ ಜೋಳದ ಆಸೆ ಮುಗಿಯುತ್ತಿತ್ತು.

“ಕರಕಿ ಬೀಸಿ ರೊಟ್ಟಿ ಬಡೀಲೇನು ಈ ವರ್ಷ?” ಎಂದು ನಾಗವ್ವ ಒಳಗಿನಿಂದ ಕೇಳಿದಳು. ಕರಬಸಪ್ಪ ಬಾಯಿ ಮುಕ್ಕಳಿಸಿ ಹೊಲಕ್ಕೆ ನಡೆದ. ಎರಡೂ ಕಂಪನಿಯ ಏಜೆಂಟರು ಅಂದು ಯಂತ್ರಗಳನ್ನು ಹೊಲಕ್ಕೇ ತಂದು ತೋರಿಸುವವರಿದ್ದರು.

ಇಬ್ಬರೂ ಖರ್ಚು ಹಂಚಿಕೊಂಡು ಒಂದೇ ಲಾರಿಯಲ್ಲಿ ಬಂದರು. ಬಂದದ್ದು ಸೋಮವಾರ. ಆ ಊರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ಬಿಡುವಿನ ದಿನ. ಎತ್ತಿಗೆ ಕೆಲಸವಿಲ್ಲವೆಂದ ಮೇಲೆ ಒಕ್ಕಲಿಗನಿಗೂ ಇಲ್ಲ. ಹೀಗಾಗಿ ಊರೆಲ್ಲ ಹೊಲದಲ್ಲೇ ಸೇರಿತು. ಬದುವಿನ ಆಚೆ ತನ್ನ ಹೊಲದಲ್ಲಿ ಎತ್ತು ಮೇಯಲು ಬಿಟ್ಟು ಕೂತಿದ್ದ ಕುತುಬುದ್ದೀನನೂ ತಂಬಾಕು ತಿಕ್ಕುತ್ತ ಇತ್ತ ಮುಖ ಮಾಡಿದ. ಊರಿಗೇ ಚೆಂದದ ಜೋಡಿ ಅವನದು.

ಕರಬಸಪ್ಪನಿಗೆ ಮೊದಲ ಸಂಕಟ ಅಲ್ಲೇ ಹುಟ್ಟಿತು. ಸೋಮವಾರ ಹೊಲ ಉಳಬಹುದೇ? ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವ ಶಿದ್ಲಿಂಗಪ್ಪನನ್ನು ಕೇಳಿದ. ಶಿದ್ಲಿಂಗಪ್ಪ ಕಣ್ಣು ಮುಚ್ಚಿದ. ಕಠಿಣ ಪದ್ಯ ಬಂದಾಗ ಅವನು ಹೀಗೆ ಮುಚ್ಚುತ್ತಿದ್ದ. ತೆರೆದಾಗ ಅರ್ಥ ಬಂದಿರುತ್ತಿತ್ತು.

“ಇದು ಉಸರಾಡೂದಿಲ್ಲ, ಮೆಲಕ ಹಾಕೂದಿಲ್ಲ,” ಎಂದ. “ಇದಕ್ಕ ಸೋಮವಾರ ಇಲ್ಲ.”

ಮಂದಿ ತಲೆದೂಗಿತು. ಆಮೇಲೆ ಪರೀಕ್ಷೆಯ ಭಾರವನ್ನು ಅಜ್ಜಪ್ಪ ವಹಿಸಿಕೊಂಡ. ಕರಬಸಪ್ಪನ ಓಣಿಯವನು, ಊರ ಅರ್ಧ ಎತ್ತುಗಳನ್ನು ಆರಿಸಿದವನು. ಆರಿಸುವ ರೀತಿ ಅವನಿಗೆ ಗೊತ್ತಿದ್ದದ್ದು ಒಂದೇ. ಎರಡೂ ಯಂತ್ರಗಳ ಹಣೆ ನೋಡಿದ, ಸುಳಿ ಹುಡುಕಿದ. ಹಲ್ಲು ಎಣಿಸಲು ಬಾಯಿ ಎಲ್ಲಿದೆಯೆಂದು ವಿಚಾರಿಸಿದ. ಹಿಂದೆ ನಿಂತು ಕಾಲು ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ಅಳೆದ. ಹಸಿರಿನದು ಬಿಟ್ಟ ಹೊಗೆಯನ್ನು ಮೂಸಿ, ಜೀರ್ಣ ಸರಿ ಇಲ್ಲವೆಂದ. ಹಸಿರಿನ ಏಜೆಂಟ ಇಂಗ್ಲಿಷಿನಲ್ಲಿ ಏನೋ ಅಂದುಕೊಂಡ.

ಅದೇನೇ ಇರಲಿ, ಹೊಲದ ಅಂಚಿನಲ್ಲಿ ಎರಡೆರಡು ಸುತ್ತು ಹೊಡೆದಾಗ ಹಸಿರಿನದೇ ಮುಂದಾಯಿತು. ತಿರುವಿನಲ್ಲಿ ತನ್ನ ನೇಗಿಲನ್ನು ತಾನೇ ಎತ್ತಿಕೊಂಡು, ನೀರು ಹೊರುವ ಹೆಂಗಸು ಸೀರೆ ನಿರಿಗೆ ಎತ್ತಿ ಕೆಸರು ದಾಟುವಂತೆ ದಾಟಿತು. ಕರಬಸಪ್ಪನ ಮನಸ್ಸು ಒಂದು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಕಡೆ ನಿಂತಿತು. ಅಷ್ಟರಲ್ಲಿ ಅಜ್ಜಪ್ಪ, ಮಲಗಿದ್ದನ್ನು ಎಬ್ಬಿಸುವುದು ಹೇಗೆ ಎಂದು ಕೇಳಿದ.

ಹಸಿರಿನ ಏಜೆಂಟನಿಗೆ ಬೇಕಾದದ್ದೂ ಅದೇ. ಬೆರಳ ತುದಿಯಿಂದ ಒಂದು ಗುಂಡಿ ಒತ್ತಿದ. ಯಂತ್ರ ಒಮ್ಮೆಲೇ ಗುಡುಗಿತು. ಮುಂದಿದ್ದವರು ಹಿಂದಾದರು.

“ಮುಟ್ಟಿದ್ರ ಏಳ್ತೈತಿ ಅಂದ್ರ ಇದು ಬೆದರು ಜಾತಿ,” ಎಂದ ಅಜ್ಜಪ್ಪ. “ಹಗ್ಗಿಲ್ಲ, ಮೂಗದಾಣಿ ಇಲ್ಲ. ನಾಳೆ ಯಾರರ ಕೈತಾಗಿ ಓಣ್ಯಾಗ ಹೊಕ್ರ ಹಿಡಿಯವ್ರ ಯಾರು?”

ಕೆಂಪಿನ ಏಜೆಂಟ ನಿಧಾನವಾಗಿ ಕಬ್ಬಿಣದ ಒಂದು ಸೊಟ್ಟ ಹಿಡಿಕೆ ತೆಗೆದು ಯಂತ್ರದ ಮೂಗಿಗೆ ಚುಚ್ಚಿ ತಿರುವಿದ. ಅದು ಕೆಮ್ಮಿತು, ಮೈ ಮುರಿಯಿತು, ಆಮೇಲೆ ಎದ್ದಿತು. ಅಜ್ಜಪ್ಪನ ಮುಖ ಅರಳಿತು.

“ನೋಡು, ಮೂಗು ಹಿಡದು ಎಬ್ಬಸಬೇಕು. ಮನಿತನಸ್ತರ ದನ ಇದು.”

ಏಜೆಂಟ ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದ: ಚಳಿಗಾಲದಲ್ಲಿ ಹಿಡಿಕೆಗೆ ಬಗ್ಗದಿದ್ದರೆ ಮುಂದೆ ಜೋಡೆತ್ತು ಕಟ್ಟಿ ನಾಲ್ಕು ಹೆಜ್ಜೆ ಎಳೆಸಿದರೂ ಸಾಕು, ಏಳುತ್ತದೆ. ಎತ್ತು ಟ್ರ್ಯಾಕ್ಟರನ್ನು ಎಳೆಯುವುದನ್ನು ನೆನೆದು ಮಂದಿ ಹೊಟ್ಟೆ ಹಿಡಿದು ನಕ್ಕಿತು. ಆ ನಗೆಯಲ್ಲೇ ಕೆಂಪಿನದು ಗಟ್ಟಿಯಾಯಿತು.

ವ್ಯವಹಾರ ಮುಗಿಯಿತು. ಏಜೆಂಟ ಕರಬಸಪ್ಪನನ್ನು ಕೂರಿಸಿಕೊಂಡು ನಡೆಸುವುದನ್ನೂ ನಿಲ್ಲಿಸುವುದನ್ನೂ ಕಲಿಸಿದ. ನಾಗವ್ವ ಆರತಿ ತಂದು, ಗುರುಗುಡುತ್ತಿದ್ದ ಯಂತ್ರದ ಹಣೆಗೆ ವಿಭೂತಿ ಹಚ್ಚಿದಳು. ಏಜೆಂಟರು ಲಾರಿಯ ಕಡೆ ತಿರುಗಿದರು. ಆಗ ಕರಬಸಪ್ಪನಿಗೆ ರೂಢಿ ನೆನಪಾಯಿತು. ದನ ಕೊಂಡವನು ಹಗ್ಗ ಇಟ್ಟುಕೊಳ್ಳಬಾರದು. ಹಗ್ಗ ಮಾರಿದವನ ಮನೆಗೇ ಹೋಗಬೇಕು. ಇಲ್ಲದಿದ್ದರೆ ಅವನ ಗೋದಲಿಯ ಕಳೆ ಹೋಗುತ್ತದೆ, ಆ ಪಾಪ ಕೊಂಡವನಿಗೆ. ಹಿರೇಕೆರೂರಿನಿಂದ ತಾನೂ ತನ್ನ ಎತ್ತಿನ ಹಗ್ಗಗಳನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ.

ಆದರೆ ಇದರ ಹಗ್ಗ ಯಾವುದು? ಶಿದ್ಲಿಂಗಪ್ಪ ಮತ್ತೆ ಕಣ್ಣು ಮುಚ್ಚಿ ತೆರೆದ. ಮೂಗಿಗೆ ಹಾಕುವುದು ಯಾವುದೋ ಅದೇ.

ಹೊಸ ಟವೆಲಿನಲ್ಲಿ ಹಿಡಿಕೆಯನ್ನು ಸುತ್ತಿ, ಮೇಲೊಂದು ತೆಂಗಿನಕಾಯಿ ಇಟ್ಟು, ಕರಬಸಪ್ಪ ಬಾಗಿ ಕೆಂಪಿನ ಏಜೆಂಟನಿಗೆ ಒಪ್ಪಿಸಿದ. ಏಜೆಂಟ ಗಂಟು ಬಿಚ್ಚಿ ನೋಡಿ ಗಾಬರಿಯಾದ.

“ಬ್ಯಾಡ್ರಿ. ಇದು ನಿಮಗ ಬೇಕ್ರಿ,” ಎಂದ.

ಮಾರಿದವನು ಬೇಡವೆನ್ನುವುದೂ ರೂಢಿಯೇ. ಅವನು ಬೇಡವೆಂದಷ್ಟೂ ಊರಿಗೆ ಅವನ ಮೇಲೆ ಗೌರವ ಹೆಚ್ಚಿತು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಲಾರಿಯವನು ಹಾರ್ನು ಬಾರಿಸುತ್ತಿದ್ದ. ನಾಲ್ಕು ಜನ ಏಜೆಂಟನನ್ನು ಮದುಮಗನಂತೆ ಎತ್ತಿ, ಲಾರಿಯಲ್ಲಿ ಹಸಿರು ಟ್ರ್ಯಾಕ್ಟರಿನ ಪಕ್ಕ ಕೂರಿಸಿ, ಗಂಟನ್ನು ಮಡಿಲಿಗಿಟ್ಟರು. ಲಾರಿ ದೂರ ಸಾಗಿದ ಮೇಲೂ ಅವನು ಎದ್ದು ನಿಂತು ಎರಡೂ ಕೈ ಬೀಸುತ್ತ ಏನೋ ಕೂಗುತ್ತಿದ್ದ. ಊರೆಲ್ಲ ಕೈ ಬೀಸಿತು.

“ಎಂಥಾ ಸಂಭಾವಿತ ಮನಷ್ಯಾ,” ಎಂದು ಕರಬಸಪ್ಪ ಕಣ್ಣೊರೆಸಿಕೊಂಡು ಟ್ರ್ಯಾಕ್ಟರ್ ಹತ್ತಿದ.

ಮೊದಲ ಸಾಲು ಹೊಡೆದ. ಕರಕಿ ಬೇರುಸಹಿತ ಮೇಲೆದ್ದು ಅಂಗಾತ ಬಿತ್ತು. ಇದೇ ಓಟದಲ್ಲಿ ಹೋದರೆ ಮಳೆಗೆ ಮೊದಲು ಹೊಲ ಮುಗಿದೇ ಹೋಗುತ್ತದೆ ಎಂದು ಅವನ ಎದೆ ಹಗುರಾಯಿತು. ಸಾಲಿನ ಕೊನೆಯಲ್ಲಿ ಅಜ್ಜಪ್ಪ ಕೈ ಅಡ್ಡ ಮಾಡಿ ನಿಂತಿದ್ದ. ಹೊಸ ದನ, ಮೊದಲ ದಿನವೇ ಒಂದೇ ಸಮನೆ ದುಡಿಸಬಾರದು, ಒಂದು ಸಾಲಿಗೆ ಕೊಳ್ಳು ಹರಿದು, ನೊಗ ಇಳಿಸಿ ನೀರು ತೋರಿಸಬೇಕು. ಮಾತು ನ್ಯಾಯವಾಗಿತ್ತು. ಕರಬಸಪ್ಪ ಕಲಿತಂತೆ ಯಂತ್ರ ನಿಲ್ಲಿಸಿದ. ನಾಗವ್ವ ತಂಬಿಗೆಯಲ್ಲಿ ನೀರು ತಂದು ಅದರ ಮೂಗಿನ ಮುಂದೆ ಹಿಡಿದಳು. ಎಲ್ಲರಿಗೂ ಸಮಾಧಾನವಾಯಿತು.

ಇನ್ನು ಎಬ್ಬಿಸೋಣವೆಂದು ಕರಬಸಪ್ಪ ಕೆಳಗಿಳಿದು ಮುಂದೆ ಬಂದು ಕೈ ಚಾಚಿದ. ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ದೂರದಲ್ಲೆಲ್ಲೋ ಗುಡುಗಿತು. ಲಾರಿ ಇಷ್ಟರಲ್ಲಿ ಸವಣೂರು ದಾಟಿರಬಹುದು ಎಂದು ಶಿದ್ಲಿಂಗಪ್ಪ ಕಣ್ಣು ತೆರೆದುಕೊಂಡೇ ಹೇಳಿದ.

ಊರೆಲ್ಲ ಸೇರಿ ತಳ್ಳಿ ನೋಡಿತು. ಗಾಲಿ ಉತ್ತ ಮಣ್ಣಿನಲ್ಲಿ ಹೂತು, ಕಂಬಳಿ ಹೊದ್ದ ಮುದುಕನಂತೆ ಮಿಸುಕಲಿಲ್ಲ.

“ಎತ್ತು ಕಟ್ಟಿ ಎಳಸಿದ್ರ ಏಳ್ತೈತಿ ಅಂದಿದ್ನಲ್ಲ ಅಂವ,” ಎಂದಳು ನಾಗವ್ವ.

ಬೆಳಿಗ್ಗೆ ನಕ್ಕವರು ಈಗ ನಗಲಿಲ್ಲ. ಅಂದು ಸೋಮವಾರ. ಎಲ್ಲರೂ ಅಜ್ಜಪ್ಪನನ್ನು ನೋಡಿದರು. ಅಜ್ಜಪ್ಪ ಶಿದ್ಲಿಂಗಪ್ಪನನ್ನು ನೋಡಿದ. ಶಿದ್ಲಿಂಗಪ್ಪ ತನ್ನ ಕಾಲ್ಬೆರಳು ನೋಡಿಕೊಂಡ. ಒಬ್ಬೊಬ್ಬರಿಗೂ ಮನೆಯಲ್ಲಿ ಏನೇನೋ ಕೆಲಸ ನೆನಪಾಗತೊಡಗಿತು.

ಆಗ ಕರಬಸಪ್ಪನಿಗೆ ಬದುವಿನ ಮೇಲೆ ಕೂತ ಕುತುಬುದ್ದೀನ ಕಂಡ. ಅವನ ಬೆನ್ನ ಹಿಂದೆ ಮಲಗಿ ಮೆಲುಕು ಹಾಕುತ್ತಿದ್ದ ಆನೆಯಂಥ ಜೋಡಿ ಕಂಡಿತು. ಇಷ್ಟು ಹೊತ್ತು ಇದು ಹೊಳೆಯದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತ, ಧೋತರ ಎತ್ತಿ ಕಟ್ಟಿ ಮಣ್ಣಿನ ಹೆಂಟೆಗಳ ಮೇಲೆ ಎಡವುತ್ತ ಓಡಿದ.

“ಕುತುಬಣ್ಣ, ನಿನ್ನ ಜೋಡಿ ಒಂದ ಗಳಿಗಿ ಕೊಡು. ನಾಕ ಹೆಜ್ಜಿ ಎಳದ್ರ ಸಾಕು. ನಿಮಗರ ಸೋಮವಾರದ್ದು ಏನಿಲ್ಲಲ್ಲ.”

ಕುತುಬುದ್ದೀನ ಮುಗಿಲು ನೋಡಿದ. ಹೊಲದ ನಡುವೆ ವಿಭೂತಿ ಹಚ್ಚಿಕೊಂಡು ನಿಂತ ಕೆಂಪು ಟ್ರ್ಯಾಕ್ಟರನ್ನು ಕನಿಕರದಿಂದ ನೋಡಿದ. ಮಳೆಯ ಮೊದಲ ಹನಿ ಅವನ ಅಂಗೈಯ ತಂಬಾಕಿನ ಮೇಲೇ ಬಿತ್ತು. ಅದನ್ನು ಕೊಡವಿ ಬಾಯಿಗೆ ಹಾಕಿಕೊಂಡು ಎದ್ದ. ಎತ್ತುಗಳ ಬೆನ್ನಿಗೆ ಗೋಣಿತಟ್ಟು ಹೊದಿಸಿದ.

“ನನಗ ಇಲ್ಲಪಾ, ಕರಬಸಣ್ಣ,” ಎಂದ. “ಎತ್ತಿಗೆ ಐತಿ. ಕೊಡೂದಿಲ್ಲ.”